ಗುಂಡನ ಹಿಂಗಾಲು

ಕುರ್ಚಿ ಹಿಂದಕ್ಕೆ ತಳ್ಳಿದಾಗ ಚಕ್ರಕ್ಕೆ ಏನೋ ಮೆತ್ತಗೆ ತಾಗಿತ್ತಲ್ಲವೇ? ಅಥವಾ ಅದು ಕೆಳಗೆ ಬಿದ್ದಿದ್ದ ಬಟ್ಟೆಯ ತುಂಡೇ? ಬೆಕ್ಕಾಗಿದ್ದರೆ ಕೂಗುತ್ತಿರಲಿಲ್ಲವೇ? ಆದರೆ ಗುಂಡ ಕೂಗುವ ಜಾತಿಯೇ ಅಲ್ಲ.

ಪುಸ್ತಕಗಳಿಗೆ ರಟ್ಟು ಕಟ್ಟುವ ಅಳಿಯ ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬೆರಳಿಗಂಟಿದ ಗೋಂದು ಕೆರೆಯುತ್ತ, ಬೆಳಗಿನಿಂದ ಇದನ್ನೇ ಮೆಲುಕು ಹಾಕುತ್ತಿದ್ದ. ಪಕ್ಕದಲ್ಲಿ ಅತ್ತೆ. ಅವರ ತೊಡೆಯ ಮೇಲಿನ ಬುಟ್ಟಿಯಲ್ಲಿ ವರ್ಷವೂ ತುಂಬದ ಗುಂಡ. ನಿನ್ನೆ ಸಂಜೆಯವರೆಗೂ ಕಪಾಟು ಹತ್ತುತ್ತಿದ್ದವನು ಇವತ್ತು ಎಡ ಹಿಂಗಾಲನ್ನು ನೆಲಕ್ಕೆ ಊರಲೇ ಇಲ್ಲ.

ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಇವರು ಮೂವರೇ. ಆರು ವರ್ಷದಲ್ಲಿ ಅತ್ತೆ ಅಳಿಯನ ನಡುವೆ ಒಂದು ಒರಟು ಮಾತು ಬಂದಿರಲಿಲ್ಲ. ಹೆಚ್ಚು ಮಾತೇ ಬಂದಿರಲಿಲ್ಲ ಎನ್ನುವುದೂ ನಿಜ. ಆ ನೆಮ್ಮದಿಗೆ ಈಗ ತನ್ನ ಕುರ್ಚಿಯೇ ಕಲ್ಲು ಹಾಕಿತೇ?

"ಯಾಕೆ ಅಳಿಯಂದ್ರೇ, ಕಾಲು ನೋವು ಬೆಕ್ಕಿಗಾ ನಿಮಗಾ? ಈ ಮುಖ ನೋಡಿದ್ರೆ ಡಾಕ್ಟ್ರು ನಿಮ್ಮನ್ನೇ ಮೊದಲು ಒಳಗೆ ಕರೀತಾರೆ."

ಅವನಿಗೆ ತಡೆಯಲಾಗಲಿಲ್ಲ. "ಅತ್ತೆ, ನಿನ್ನೆ ನನ್ನ ಕುರ್ಚಿ ತಾಗಿರಬೇಕು. ನಾನು ನೋಡ್ಲಿಲ್ಲ."

ಅತ್ತೆ ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಒಳಗೆ ಡಾಕ್ಟರಮ್ಮ ಎಕ್ಸ್-ರೇ ಹಾಳೆಯನ್ನು ದೀಪಕ್ಕೆ ಹಿಡಿದರು. "ಏಟು ಬಿದ್ದಿದ್ದಲ್ಲ ಇದು. ಎಳೆ ಮೂಳೆ ಇನ್ನೂ ಸರಿಯಾಗಿ ಕೂಡ್ಕೊಂಡಿಲ್ಲ, ತೊಡೆ ಮೂಳೆಯ ತುದಿ ತಾನಾಗಿ ಜಾರಿದೆ. ಬೀಜ ತೆಗೆಸಿದ ಗಂಡು ಬೆಕ್ಕು ದಪ್ಪಗಾದ್ರೆ ಹೀಗಾಗೋದುಂಟು. ಒಂದು ಆಪರೇಷನ್ ಮಾಡಿದ್ರೆ ಮೊದಲಿನ ಹಾಗೆ ಓಡಾಡ್ತಾನೆ."

"ಕೇಳಿಸ್ಕೊಂಡ್ರಾ!" ಅತ್ತೆ ಅಳಿಯನ ತೋಳು ತಟ್ಟಿದರು, ಆರು ವರ್ಷದಲ್ಲಿ ಮೊದಲ ಸಲ. "ಪಾಪ, ಮಾಡದ ತಪ್ಪಿಗೆ ತಲೆ ಕೊಡೋಕೆ ಹೊರಟಿದ್ರು ನಮ್ಮ ಅಳಿಯಂದ್ರು."

ಅವನಿಗೆ ಹೋದ ಜೀವ ಬಂದಂತಾಯಿತು.

"ಆರೂವರೆ ಕೇಜಿ," ಡಾಕ್ಟರಮ್ಮ ತೂಕದ ಯಂತ್ರ ನೋಡಿದರು. "ಏನು ಹಾಕ್ತೀರಿ ಇವನಿಗೆ?"

"ಎರಡೇ ಹೊತ್ತು, ಅಳತೆ ಲೋಟದಲ್ಲಿ. ಒಂದು ಕಾಳು ಹೆಚ್ಚಿಲ್ಲ."

"ಗಾಳಿ ಕುಡಿದು ಯಾರೂ ದಪ್ಪ ಆಗಲ್ಲಮ್ಮ."

"ಇವನ ಮೈಯೇ ಹಾಗೆ," ಎಂದರು ಅತ್ತೆ.

ಅಳಿಯ ಹೆಗಲು ಮುಟ್ಟಿ ನೋಡಿಕೊಳ್ಳದಿದ್ದದ್ದೇ ಹೆಚ್ಚು. ಗೋಡೆಯ ಮೇಲಿನ ನಾಯಿಯ ಚಿತ್ರವನ್ನು ಬಹಳ ಗಮನವಿಟ್ಟು ನೋಡಿದ.

ಆಪರೇಷನ್ ಆಯಿತು. ಗುಂಡ ಮೂರು ವಾರಕ್ಕೆ ಕಾಲೂರಿದ, ಎರಡು ತಿಂಗಳಿಗೆ ತೆಳ್ಳಗಾಗಿ ಮತ್ತೆ ಕಪಾಟು ಏರಿದ. "ಮೈಯೂ ಇಳೀತು ನೋಡಿ, ಡಾಕ್ಟರಮ್ಮನ ಕೈಗುಣ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಜೊತೆಗೆ, ಮುಚ್ಚುಮರೆಯಿಲ್ಲದ ಅಳಿಯ ಸಿಕ್ಕಿದ್ದು ಪುಣ್ಯ ಎಂದೂ ಹೇಳುತ್ತಾರೆ. ಈಗ ಇಬ್ಬರೂ ಸಂಜೆ ಒಟ್ಟಿಗೆ ಕೂತು ಅಷ್ಟಿಷ್ಟು ಮಾತಾಡುತ್ತಾರೆ.

ದಿನಾ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಗುಂಡನಿಗೆ ಎರಡು ಮೊಟ್ಟೆಯ ಹಳದಿ, ಮೇಲೊಂದಿಷ್ಟು ಬೆಣ್ಣೆ ತಿನ್ನಿಸುತ್ತಿದ್ದವನು ತಾನೇ ಎಂದು ಅವನು ಯಾವತ್ತೂ ಹೇಳಲಿಲ್ಲ.