ಕನ್ನಡಿ ಬೇಡ, ಕತ್ತರಿಸು

ಬೆರಳಲ್ಲಿ ಒರೆಸಿದರೂ ಹೋಗುತ್ತಿಲ್ಲ ಈ ಕಪ್ಪು ಚುಕ್ಕೆ, ನೆಗೆಟಿವ್‌ನ ಬಲ ಅಂಚಿನಲ್ಲಿ, ಧೂಳಲ್ಲ, ಗೀರೂ ಅಲ್ಲ, ಅವಳು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು — ಇಪ್ಪತ್ತೆಂಟು ವರ್ಷ ಈ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಗಂಡ ತೆಗೆದದ್ದನ್ನೆಲ್ಲ ತೊಳೆದು ಪ್ರಿಂಟು ಹಾಕಿದವಳಿಗೆ ಧೂಳು ಯಾವುದೆಂದು ತಿಳಿಯದೆ ಇರುತ್ತದೆಯೇ, ಅದು ಹಾಗಿರಲಿ, ಗೆದ್ದಲು ತಿಂದುಹೋಯಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದ ನೆಗೆಟಿವ್ ಅವನ ಕ್ಷೌರದ ಡಬ್ಬಿಯಲ್ಲಿ, ಬ್ಲೇಡಿನ ಪೊಟ್ಟಣದ ಕೆಳಗೆ ಏನು ಮಾಡುತ್ತಿತ್ತು? ಗೆದ್ದಲಿಗೆ ಗಡ್ಡ ಬಂದಿತ್ತೇ? ಎಂದೂ ನಗದ ಅಂಚೆಯವನು ನಕ್ಕ ಫೋಟೋ, ಬಹುಮಾನ ಬಂದದ್ದು, ಪತ್ರಿಕೆಯಲ್ಲಿ ಬಂದದ್ದು, ನಲವತ್ತು ನಿಮಿಷ ಉಸಿರು ಬಿಗಿಹಿಡಿದು ಕಾದೆ, ನಗು ಬರುವ ಮುಂಚೆ ಅವನ ಗಂಟಲು ಅಲುಗಿತು, ಆಗ ಒತ್ತಿದೆ, ಕಣ್ಣು ಬೇಕಪ್ಪ ಕಣ್ಣು — ಎಷ್ಟು ಸಭೆಗಳಲ್ಲಿ ಗಂಡನ ಬಾಯಲ್ಲಿ ಕೇಳಿದ್ದಾಳೆ, ನಿಮಿಷಗಳು ಮೊದಲು ಹತ್ತು ಇದ್ದವು, ಆಮೇಲೆ ಇಪ್ಪತ್ತಾದವು, ಈಗ ನಲವತ್ತು. ಹೊರಗೆ ಏಣಿ ಗೋಡೆಗೆ ಉಜ್ಜುವ ಸದ್ದು, ಬೋರ್ಡು ಬರೆಯುವವನು ಬಂದಿದ್ದಾನೆ, ಗಂಡನ ಹೆಸರಿನ ಪಕ್ಕದಲ್ಲಿ ಇಂದಿನಿಂದ ಅವನ ತಂಗಿಯ ಮಗನ ಹೆಸರು. ನಿನ್ನೆ ಊಟಕ್ಕೆ ಕೂತಾಗ ಮಗಳು ತಾನು ತೆಗೆದ ಫೋಟೋ ತೋರಿಸಿದಳು, ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ ಪೊಲೀಸು, ಅವನ ತೋಳಿನ ಮೇಲೆ ಬಂದು ಕೂತ ಪಾರಿವಾಳ, ಗಂಡ ನೋಡಿ ತಟ್ಟೆಯ ಪಕ್ಕಕ್ಕಿಟ್ಟ, ಇದು ಅದೃಷ್ಟ ಕಣೇ, ನಿನಗೆ ಕಣ್ಣಿಲ್ಲ, ನೀನು ಕೌಂಟರ್ ನೋಡ್ಕೋ, ಕ್ಯಾಮೆರಾ ನಿನ್ನತ್ತೆ ಮಗ ನೋಡ್ಕೋತಾನೆ. ಆರು ವರ್ಷ ಇಲ್ಲೇ ದುಡಿದ ಹುಡುಗಿ ಎದ್ದು ಕೈ ತೊಳೆದಳು, ಹೆತ್ತ ತಾನು ಯಾಕೆ ಬಾಯಿ ಬಿಡಲಿಲ್ಲ?

ಮೇಜಿನ ಮೇಲೆ ಭೂತಗನ್ನಡಿ, ನೆಗೆಟಿವ್ ಪಟ್ಟಿಯನ್ನು ಅದರಡಿ ಸರಿಸಿದಳು, ಅಂಚೆಯವ ಗಂಟು ಮುಖ, ಮತ್ತೆ ಗಂಟು ಮುಖ, ಮತ್ತೆ ಅದೇ, ಆಮೇಲೆ ಈ ನಗು, ಅದರ ಪಕ್ಕದಲ್ಲೇ ಮುಂದಿನ ಗಿರಾಕಿ, ಜಡೆ ಹಾಕಿದ ಹುಡುಗಿ — ತಡಿ, ಹಾಳು ಚಿತ್ರ ಎಲ್ಲಿ? ಸ್ಪ್ರಿಂಗು ಬಿಗಿಯಾಗಿ ನಿಲ್ಲಬಾರದು ಎಂದು ಗಿರಾಕಿಯ ಕೆಲಸ ಮುಗಿದ ಮೇಲೆ ಸುಮ್ಮನೆ ಒಂದು ಸಲ ಗುಂಡಿ ಒತ್ತಿಬಿಡುವ ಚಾಳಿ ಅವನದು, ಅವನ ಗುರು ಕಲಿಸಿದ್ದು, ಹಾಗಾಗಿ ಪ್ರತಿ ಗಿರಾಕಿಯ ಕೊನೆಗೆ ಒಂದು ಹಾಳು ಚಿತ್ರ ಇದ್ದೇ ಇರುತ್ತದೆ, ಖಾಲಿ ಸ್ಟೂಲು, ಯಾರದೋ ಬೆನ್ನು, ಸಾವಿರಾರು ಕತ್ತರಿಸಿ ಎಸೆದಿದ್ದಾಳೆ, ಅಂಚೆಯವನಿಗೆ ಮಾತ್ರ ಇಲ್ಲ. ಇಲ್ಲವೇ, ಅಥವಾ ಇದೇ ಅದೋ? ಚುಕ್ಕೆ ಕನ್ನಡಿಯೊಳಗಿದೆ, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ, ಅದರಲ್ಲಿ ಕ್ಯಾಮೆರಾ, ಗುಂಡಿಯ ಮೇಲೆ ಬೆರಳು, ಮುಖವಿಲ್ಲ, ಅತ್ತ ತಿರುಗಿದ ಕುತ್ತಿಗೆ, ಕಾಲರಿನ ಹೊರಗೆ ದರ್ಜಿಯ ಬಿಳಿ ಚೀಟಿ — ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪು — ಅಯ್ಯೋ, ಆ ಅಂಗಿ! ಒದ್ದೆ ಕೈ ಒರೆಸಿಕೊಂಡು ಕತ್ತಲೆಕೋಣೆಯಿಂದ ಬಂದವಳು ತಾನೇ ಹೇಳಿದ್ದು, ರೀ, ಅಂಗಿ ಉಲ್ಟಾ ಹಾಕ್ಕೊಂಡಿದ್ದೀರಿ, ಇವನು ತಿರುಗಿ ನೋಡಿದ, ಅಂಚೆಯವ ಹೊಟ್ಟೆ ಹಿಡಿದು ನಕ್ಕ, ಗಿರಾಕಿ ಮುಂದೆ ಮಾನ ಕಳೆದೆ ಎಂದು ಇವನು ಎರಡು ದಿನ ಮಾತು ಬಿಟ್ಟ. ಆಮೇಲೆ ಪ್ರಿಂಟು ಹಾಕುವಾಗ ಹಿಂದೆ ಬಂದು ನಿಂತ, ಕನ್ನಡಿ ಬೇಡ, ಕತ್ತರಿಸು, ಅವಳು ಅದನ್ನು ಅವನ ಕಲೆಗಾರಿಕೆ ಎಂದುಕೊಂಡಳು, ಎಂಥ ಪೆದ್ದಿ. ದೀಪ ಇಟ್ಟವನು ಅವನೇ, ಆ ಹದವಾದ ಬೆಳಕು ಇನ್ನೊಬ್ಬರಿಗೆ ಬರುವುದಿಲ್ಲ, ಅದನ್ನು ಕಿತ್ತುಕೊಳ್ಳಲಾರಳು, ಆದರೆ ನಡುರಸ್ತೆಯಲ್ಲಿ ಕ್ಯಾಮೆರಾ ಎತ್ತಿ ನಿಂತ ಮಗಳದ್ದು ಮಾತ್ರ ಅದೃಷ್ಟವೇ?

ಅಮ್ಮ, ಅಪ್ಪ ಕೆಳಗೆ ಕರೀತಿದ್ದಾರೆ, ಮೊದಲ ಅಕ್ಷರ ಬರೆದಾಯ್ತಂತೆ, ಎಂದು ಬಾಗಿಲಲ್ಲಿ ಮಗಳು, ಕಣ್ಣು ಊದಿದೆ. ಅವಳು ನೆಗೆಟಿವ್ ಮಗಳ ಅಂಗೈಯಲ್ಲಿಟ್ಟಳು, ಪ್ರಿಂಟು ಹಾಕು. ಎಷ್ಟು ಕತ್ತರಿಸ್ಲಿ? ಏನೂ ಕತ್ತರಿಸ್ಬೇಡ, ಇರೋದ್ರಲ್ಲೇ ದೊಡ್ಡ ಕಾಗದ ತಗೋ. ಕೆಂಪು ದೀಪ, ತಟ್ಟೆಯ ದ್ರಾವಣ ಅಲುಗುತ್ತಿದೆ, ಕಾಗದದ ಮೇಲೆ ಮೊದಲು ಅಂಚೆಯವನ ಹಲ್ಲು, ಆಮೇಲೆ ಕನ್ನಡಿಯ ಚೌಕಟ್ಟು, ಕೆಳಗಿನಿಂದ ಗಂಡನ ಕೂಗು, ಏ, ಬಂದು ನೋಡೇ, ಮಗಳು ಬಗ್ಗಿದಳು, ಅಮ್ಮ ಇದು ಯಾರು, ಬರಲಿ, ತಾನಾಗಿ ಬರಲಿ, ಬರುತ್ತಿದೆ, ಅತ್ತ ತಿರುಗಿದ ಕುತ್ತಿಗೆ, ಬಿಳಿ ಚೀಟಿ, ಕುತ್ತಿಗೆ —