ತೋರಿಸದ ಹಲ್ಲು

ಬಿಸಿ ಕಾಫಿಯ ಮೊದಲ ಗುಟುಕು ಎಡದವಡೆಯ ಮೂಲೆಗೆ ತಾಗಿದ್ದೇ ಪರಿಮಳಾ ಲೋಟವನ್ನು ನೆಲಕ್ಕಿಟ್ಟು ಕಣ್ಣು ಮುಚ್ಚಿಕೊಂಡಳು. ನೋವು ಕಿವಿಯ ಹಿಂದಿನಿಂದ ಹತ್ತಿ ನೆತ್ತಿಗೆ ಹೋಗಿ ನಿಂತಿತು. ಸತ್ತ ಗಂಡನ ಅಕ್ಕ ಶ್ರೀಲಕ್ಷ್ಮಿ, ಸಿದ್ದಾಪುರದ ಕಡೆಯ ಮನ್ಮನೆಯಿಂದ ಈಗಷ್ಟೇ ಬಂದಿಳಿದವಳು, ಪಕ್ಕದಲ್ಲಿ ಕುಳಿತು ಅವಳ ಕೆನ್ನೆ ಸವರಿದಳು.

"ಅತ್ತೂ ಅತ್ತೂ ಮುಖ ಎಷ್ಟು ಊದಿದ್ದು ನೋಡು! ಒಂದು ಗುಟುಕಾದ್ರೂ ಕುಡಿ ತಂಗಿ. ಹೊಟ್ಟೆ ಖಾಲಿ ಇಡಲಾಗ."

"ಆಗ್ತಿಲ್ಲೆ ಅತ್ತಿಗೆ," ಎಂದಳು ಪರಿಮಳಾ.

ನಿಜ ಹೇಳಬೇಕೆಂದರೆ ಅವಳು ಇನ್ನೂ ಅತ್ತೇ ಇರಲಿಲ್ಲ. ಮುಖ ಊದಿದ್ದು ಹಲ್ಲುನೋವಿಗೆ. ಮುಂದಿನ ಕೋಣೆಯಲ್ಲಿ ಹಲ್ಲಿನ ಡಾಕ್ಟರ ಹೆಣ ಮಲಗಿದೆ, ಒಳಗೆ ಅವನ ಹೆಂಡತಿಗೆ ಹಲ್ಲುನೋವು ಎಂದು ಯಾರ ಹತ್ತಿರ ಹೇಳುವುದು? ಹೇಳಿದರೆ ಸಾವಿನ ಮನೆಯಲ್ಲೂ ಜನ ನಕ್ಕಾರು. ಜನರ ಮಾತು ಹಾಗಿರಲಿ, ಹೇಳಲೇಬೇಕಾಗಿದ್ದ ಒಬ್ಬನಿಗೆ ಅವಳು ನಿನ್ನೆ ಹೇಳಿರಲಿಲ್ಲ.

*

ಶಾಂತಾರಾಮ ಮೊದಲಿನಿಂದ ಡಾಕ್ಟರನಲ್ಲ. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಎದುರು ಇಪ್ಪತ್ತು ವರ್ಷ ಔಷಧಿ ಅಂಗಡಿ ನಡೆಸಿದವನು. ಅರಬೈಲು ಘಟ್ಟದ ಕೆಳಗಿನಿಂದ ಕೆನ್ನೆಗೆ ಟವೆಲು ಸುತ್ತಿಕೊಂಡು ಬಂದವರಿಗೆ ನೋವಿನ ಗುಳಿಗೆ ಕೊಡುತ್ತಿದ್ದ. ಅವರೇ ವಾರ ಬಿಟ್ಟು ಮತ್ತೆ ಬರುತ್ತಿದ್ದರು. ನಲವತ್ನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ, "ಗುಳಿಗೆ ಕೊಟ್ಟೂ ಕೊಟ್ಟೂ ಸಾಕಾತು. ಆನು ಹಲ್ಲಿನ ಡಾಕ್ಟ್ರಿಕೆ ಕಲಿಯವು ಹೇಳಿ ಮಾಡಿದ್ದೆ," ಎಂದ. ಪರಿಮಳಾ ತಮಾಷೆ ಎಂದುಕೊಂಡಳು. ಅವನು ಪ್ರವೇಶ ಪರೀಕ್ಷೆ ಬರೆದು, ಅಂಗಡಿ ಮಾರಿ, ಪೆಟ್ಟಿಗೆ ಹೊತ್ತುಕೊಂಡು ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಹೊರಟೇಬಿಟ್ಟ. ಮಕ್ಕಳಿಲ್ಲದ ಮನೆಯಲ್ಲಿ ಅವಳೊಬ್ಬಳೇ ಉಳಿದಳು.

ಒಂದಲ್ಲ ಎರಡಲ್ಲ, ಐದು ವರ್ಷ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಊರು ನಕ್ಕಿತು. ಉಮ್ಮಚಗಿಯ ಮದುವೆಮನೆಯ ಪಂಕ್ತಿಯಲ್ಲಿ ಹೆಂಗಸರು, "ನಿನ್ನ ಗಂಡ ಈಗ ಎಷ್ಟನೇ ಕ್ಲಾಸೇ?" ಎಂದು ಕೇಳಿದಾಗ ಬಡಿಸಿದ ಹೋಳಿಗೆ ಮುಟ್ಟದೆ ಎದ್ದು ಬಂದಿದ್ದಳು. ದಿನವೂ ಅರ್ಧ ಪಾವು ಅಕ್ಕಿ ಬೇಯಿಸಿ, ಗೋಡೆ ನೋಡುತ್ತ ಉಂಡಳು. ಅವನು ಡಾಕ್ಟರಾಗಿ ಬಂದು ಮನೆಯ ಮುಂದಿನ ಕೋಣೆಗೇ ಬೋರ್ಡು ಹಾಕಿದ ದಿನ ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡಳು: ನನ್ನನ್ನು ಬಿಟ್ಟು ಹೋಗಿ ಕಲಿತ ವಿದ್ಯೆ ನನಗೆ ಬೇಡ.

ಮರುವರ್ಷವೇ ಒಂದು ಹಲ್ಲು ಹುಳುಕಾಯಿತು. ಅಕ್ಕನ ಮನೆಗೆ ಎಂದು ಸುಳ್ಳು ಹೇಳಿ ಶಿರಸಿಯ ಬಸ್ಸು ಹತ್ತಿ, ಅಲ್ಲಿ ಬೇರೆ ಡಾಕ್ಟರ ಹತ್ತಿರ ತುಂಬಿಸಿಕೊಂಡು ಬಂದಳು. ತಿಂಗಳಾದ ಮೇಲೆ ಯಾವುದೋ ಮಾತಿಗೆ ಮೈಮರೆತು ನಕ್ಕಳು. ತುಂಬಿಸಿದ ಹಲ್ಲು ಅವನ ಕಣ್ಣಿಗೆ ಬಿತ್ತು. "ಚೊಲೋ ಕೆಲಸ ಮಾಡಿದ್ದ," ಎಂದಷ್ಟೇ ಹೇಳಿ ಹೊರಗೆ ಹೋದ. ಜಗಳ ಆಡಿದ್ದರೆ ಅವಳಿಗೂ ಎಷ್ಟೋ ಹಗುರಾಗುತ್ತಿತ್ತು. ಅಂದಿನಿಂದ ಅವನೆದುರು ನಗುವುದನ್ನೇ ಬಿಟ್ಟಳು.

*

ಬಾಗಿಲಲ್ಲಿ ದಾದಾಸಾಬ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಘಟ್ಟದಲ್ಲಿ ಲಾರಿ ಓಡಿಸಿಯೇ ಮುದುಕನಾದವನು. ಅವನ ಬಾಯಲ್ಲಿದ್ದ ಎರಡೂ ಸಾಲು ಹಲ್ಲು ಶಾಂತಾರಾಮ ಕಟ್ಟಿಸಿಕೊಟ್ಟದ್ದು.

"ಅಕ್ಕಾರೆ, ಡಾಕ್ಟ್ರು ಕೆಲಸ ಮಾಡ್ತಾ ಮಾತಾಡೋರು," ಎಂದ. "ಅವ್ರ ಕೈ ನನ್ನ ಬಾಯೊಳಗೆ, ನಾನೆಲ್ಲಿ ಉತ್ತರ ಕೊಡೋದು! ಸುಮ್ನೆ ಕೇಳ್ತಿದ್ದೆ. 'ಊರವರ ಹಲ್ಲೆಲ್ಲ ನೋಡಿದೆ ದಾದಾಸಾಬ, ನಮ್ಮನೆಯವಳದ್ದೊಂದು ಉಳೀತು' ಅಂತಿದ್ರು. 'ಅವಳು ಒಂದು ಸಲ ತೋರಿಸಿದ್ರೆ ಆವಾಗ ನಾನು ಡಾಕ್ಟ್ರು' ಅಂತಿದ್ರು."

"ತಮಾಷೆಗೆ ಹೇಳ್ತಿದ್ರಾ?" ಎಂದು ಕೇಳಿದಳು ಪರಿಮಳಾ.

ದಾದಾಸಾಬ ಸ್ವಲ್ಪ ಯೋಚಿಸಿದ. "ಇಲ್ಲ ಅಕ್ಕಾರೆ. ನಗ್ತಿರ್ಲಿಲ್ಲ."

ಪರಿಮಳಾಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

*

ನಿನ್ನೆ ಊಟಕ್ಕೆ ಕುಳಿತಾಗ ಅವಳು ಒಂದೇ ಕಡೆ ಜಗಿಯುವುದನ್ನು ಅವನು ಗಮನಿಸಿದ್ದ.

"ಎಡಗಡೆ ನೋವನೆ? ಬಾಯಿ ತೆಗಿ, ಆನು ನೋಡ್ತೆ."

"ಎಂತದೂ ಇಲ್ಲೆ."

ಅವನು ಒತ್ತಾಯಿಸಲಿಲ್ಲ. ಕೈ ತೊಳೆದು ಹೋಗಿ ಒಂದು ಗುಳಿಗೆ ತಂದು, ನೀರಿನ ಲೋಟದ ಜೊತೆ ಅವಳ ತಟ್ಟೆಯ ಪಕ್ಕ ಇಟ್ಟ. ಗುಳಿಗೆ ಕೊಡುವುದು ಸಾಕೆಂದು ಅಂಗಡಿ ಮಾರಿದವನು ಕಟ್ಟಿಕೊಂಡವಳಿಗೆ ಗುಳಿಗೆಯನ್ನೇ ಕೊಡಬೇಕಾಯಿತು. ಒಳಗೆ ಹೋಗುತ್ತಿದ್ದ ಅವನ ಬೆನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು. ಸಾಕು ಈ ಹಟ, ಬೆಳಿಗ್ಗೆ ತೋರಿಸಿದರಾಯಿತು ಎಂದುಕೊಂಡು ಮಲಗಿದಳು. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದವನು ದಾಸವಾಳದ ಬುಡದಲ್ಲಿ ಕುಸಿದ. ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಮಧ್ಯಾಹ್ನದ ಹೊತ್ತಿಗೆ ಹೆಣವನ್ನು ಅಂಗಳಕ್ಕೆ ತಂದರು. ಶಾಂತಾರಾಮನ ತಮ್ಮ ರವೀಂದ್ರ ಒದ್ದೆ ಪಂಚೆಯಲ್ಲಿ ನಿಂತಿದ್ದ. ಹತ್ತಿರದವರು ಒಬ್ಬೊಬ್ಬರಾಗಿ ಬಂದು ಬಾಯಿಗೆ ತುಳಸಿ ನೀರು ಬಿಟ್ಟರು.

"ಕಡೆಗೆ ಹೆಂಡತಿ ಬರವು," ಎಂದರು ಭಟ್ಟರು.

ಶ್ರೀಲಕ್ಷ್ಮಿ ತೋಳು ಹಿಡಿದು ಕರೆತಂದಳು. ಪರಿಮಳಾ ಮಂಡಿಯೂರಿ ಕುಳಿತು ನೀರು ಬಿಟ್ಟಳು. ನೀರು ತುಟಿಯ ಅಂಚಿನಿಂದ ಹೊರಗೇ ಹರಿಯಿತು.

"ಏಳು ತಂಗಿ, ಹೊತ್ತಾತು," ಎಂದ ಯಾರೋ ಹಿರಿಯ.

ಅವಳು ಏಳಲಿಲ್ಲ. ಅವನ ಮುಖದ ಮೇಲೆ ಬಗ್ಗಿದಳು. ಬಿಸಿಲು ಬೀಳುವ ಕಡೆಗೆ ಕೆನ್ನೆ ತಿರುಗಿಸಿ ಬಾಯಿ ತೆರೆದಳು. ದವಡೆ ಸಿಡಿದುಹೋಗುವಂತಾಯಿತು. ಆದರೂ ಇನ್ನಷ್ಟು ಅಗಲ ತೆರೆದಳು, ಕಟ್ಟಕಡೆಯ ಹಲ್ಲೂ ಕಾಣುವಷ್ಟು.

"ಅಯ್ಯೋ ಪಾಪ, ಸ್ವರವೇ ಹೊರಡ್ತಿಲ್ಲೆ," ಎಂದಳು ಶ್ರೀಲಕ್ಷ್ಮಿ. "ಯಾರೂ ಎಬ್ಸಡಿ. ಅಳಲಿ."

ಹೊರಲು ಬಂದವರು ಒಂದು ಹೆಜ್ಜೆ ಹಿಂದೆ ಸರಿದು ಕಾದರು. ಪರಿಮಳಾ ಬಾಯಿ ತೆರೆದುಕೊಂಡೇ ಇದ್ದಳು, ಅವನ ಮುಚ್ಚಿದ ಕಣ್ಣುಗಳ ಎದುರು.