ಬೇಡುವವರ ದಾನದ ಸಂಘ

ದೊಡ್ಡಮಾದಯ್ಯನ ಕಂಸಾಳೆ ಮೇಳ ಸರ್ಕಾರದ ಲೆಕ್ಕದಲ್ಲಿ ಧರ್ಮಸಂಸ್ಥೆಯಾದ ದಿನ ಊರಿಗೆಲ್ಲ ಬೆಲ್ಲ ಹಂಚಿದರು. ಆ ಸಿಹಿ ನಾಲಿಗೆಯ ಮೇಲೆ ಎಷ್ಟು ದಿನ ನಿಂತಿತು ಅಂತೀರಿ? ಸೋಮವಾರದವರೆಗೆ. ಅಷ್ಟೇ.

ಸತ್ತೇಗಾಲದ ಆಚೆಗಿನ ಆ ಊರಿನಲ್ಲಿ ಮಾದಪ್ಪನ ಕಥೆ ಹಾಡಬೇಕಾದರೆ ದೊಡ್ಡಮಾದಯ್ಯನೇ ಹಾಡಬೇಕು. ಮೀಸೆ ಮೂಡುವ ಮುಂಚೆಯೇ ಗುರುವಿನ ಮುಂದೆ ಕೂತು ರುದ್ರಾಕ್ಷಿ ಕಟ್ಟಿಸಿಕೊಂಡು ಮಾದಪ್ಪನಿಗೆ ಮುಡಿಪಾದ ದೇವರಗುಡ್ಡ ಅವನು. ಗುರು ಹಾಕಿದ ಕಟ್ಟಳೆ ಒಂದೇ. ಸೋಮವಾರ ಮನೆಬಾಗಿಲಲ್ಲಿ ನಿಂತು ಹಾಡಿ, ಭಿಕ್ಷೆ ಬೇಡಿಯೇ ಉಣ್ಣಬೇಕು. ಹೊತ್ತು ಮುಳುಗುವುದರೊಳಗೆ ಜೋಳಿಗೆಗೆ ಒಂದು ಹಿಡಿಯೂ ಬೀಳದಿದ್ದರೆ ಕಂಸಾಳೆಯನ್ನು ಗುರುಮನೆಗೆ ಒಪ್ಪಿಸಿ, ಮತ್ತೆ ಬಾಯಿ ತೆರೆಯಬಾರದು. ಗದ್ದೆ ಇತ್ತು, ಮನೆಯಲ್ಲಿ ರಾಗಿ ಇತ್ತು. ಆದರೂ ಸೋಮವಾರ ಅವನು ಭಿಕ್ಷುಕ. ಅದರಲ್ಲಿ ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಆದರೆ ಮೇಳದ ಕಂಚಿನ ತಾಳಗಳೆಲ್ಲ ಸೀಳು ಬಿಟ್ಟಿದ್ದವು. ಬೀಸಿ ಹೊಡೆದರೆ ಒಡೆದ ಬೋಗುಣಿಯ ಸದ್ದು. ಟಿಕೆಟ್ ಇಟ್ಟು ಹಾಡೋಣವೆಂದರೆ, ಬಾಗಿಲಿಗೇ ಬಂದು ಹಾಡುವವರನ್ನು ಕಾಸು ಕೊಟ್ಟು ಯಾರು ಕೇಳುತ್ತಾರೆ? ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ಶಿವರುದ್ರಸ್ವಾಮಿ ಮಾತ್ರ ಹೊಸ ತಾಳ ಕೊಡಿಸುತ್ತೇನೆಂದ. ಪಾಪ, ಒಳ್ಳೆಯವನೇ. ಒಂದೇ ಒಂದು ಆಸೆ ಇತ್ತು ಅವನಿಗೆ.

“ಮಾದಪ್ಪ ಹುಲಿ ಏರ್ತಾನಲ್ಲ, ಆಗ ಹುಲಿ ಕಿವಿ ಹಿಡ್ಕೊಂಡು ನಮ್ಮಪ್ಪಾಜಿ ನಿಂತಿದ್ರು ಅಂತ ಒಂದು ಸೊಲ್ಲು ಸೇರಿಸ್ಬುಡಿ,” ಅಂದ.

“ನಿಮ್ಮಪ್ಪಾಜಿಯೋರು ನಾಯಿ ಕಂಡ್ರೇ ಜಗಲಿ ಅತ್ತೋರಲ್ವಾ ಸಾ,” ಅಂದ ದೊಡ್ಡಮಾದಯ್ಯ. ಆ ದಾರಿ ಅಲ್ಲಿಗೆ ಮುಚ್ಚಿತು.

ಆಗ ಎದ್ದು ಬಂದವನು ತಂಗಿಯ ಮಗ ಮಹದೇವು. ಕೊಳ್ಳೇಗಾಲದ ಯಾವುದೋ ಕಚೇರಿಯಲ್ಲಿ ಜವಾನ, ಊರಿಗೆ ಬಂದರೆ ಅಮಲ್ದಾರರ ಗತ್ತು. ತಾಲ್ಲೂಕು ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಹತ್ತು ವರ್ಷವಾದರೂ, ಅದನ್ನು ತಾನೇ ಹೊತ್ತು ತಂದಂತೆ ಮಾತಾಡುತ್ತಿದ್ದ.

“ಸರ್ಕಾರನೇ ಕೊಡ್ತದೆ ಕಣ್ ಮಾವ. ಧರ್ಮದ ಸಂಘ ಅಂತ ರಿಜಿಸ್ಟ್ರಾಗ್ಬೇಕು, ಅಷ್ಟೇಯ. ನೀನು ಹೆಬ್ಬೆಟ್ಟೊತ್ತು, ಮಿಕ್ಕಿದ್ದು ನಂಗ್ ಬುಡು.”

ಬಿಟ್ಟ. ಕೆಟ್ಟದ್ದೇ ಅಲ್ಲಿ. ಸಂಘವೆಂದರೆ ನಿಯಮಗಳಿರಬೇಕಲ್ಲ? ಮಹದೇವು ಭಿಕ್ಷುಕರನ್ನು ಉದ್ಧಾರ ಮಾಡುವ ಬೇರೊಂದು ಸಂಘದ ನಿಯಮಗಳನ್ನು ಎಲ್ಲಿಂದಲೋ ಹುಡುಕಿ, ಒಂದಕ್ಷರ ಬಿಡದೆ ನಕಲು ಮಾಡಿ, ಹೆಸರನ್ನಷ್ಟೇ ಬದಲಿಸಿದ. ಬೆಲ್ಲ ಹಂಚಿಯಾದ ಮೇಲೆ ಜಗಲಿಯಲ್ಲಿ ಕೂತು ಓದಿ ಹೇಳಿದ. ಸಂಘದ ಸದಸ್ಯರಾರೂ ಭಿಕ್ಷೆ ಬೇಡತಕ್ಕದ್ದಲ್ಲ. ಪ್ರತಿ ಸೋಮವಾರ ಬಡವರಿಗೆ ದವಸ ದಾನ ಮಾಡತಕ್ಕದ್ದು.

“ಏನ್ಲಾ ಇದು!” ದೊಡ್ಡಮಾದಯ್ಯ ಜಗಲಿಯಿಂದ ಎದ್ದೇಬಿಟ್ಟ. “ಬೇಡ್ದಿದ್ರೆ ನಾನ್ಯಾವ ಗುಡ್ಡ ಕಣ್ಲಾ?”

“ಯಾರ್ ಓದ್ತಾರೆ ಅಂದ್ಕಂಡಿದ್ದೆ ಮಾವ. ಸೋಮ್ವಾರ ಸಾಹೇಬ್ರು ತಪಾಸಣೆಗೆ ಬತ್ತಾವ್ರೆ. ಮಧ್ಯಾನದ ಬಸ್ಸಿಗೆ ಓಯ್ತಾರೆ. ಆಮೇಲೆ ನಾಕ್ ಮನೆ ಬೇಡ್ಕೊ. ತಾಳ ಬೇಕೋ ಬ್ಯಾಡ್ವೋ?”

ತಾಳದ ಆಸೆ ಏನು ಸಣ್ಣದೇ? ಹೂಂ ಅಂದ.

ಸೋಮವಾರ ಬೆಳಿಗ್ಗೆ ಗುರುಪಾದಸ್ವಾಮಿ ಎಂಬ ಸಾಹೇಬರು ಛತ್ರಿ ಹಿಡಿದು ಇಳಿದರು. ಒಂದು ಲೋಟ ಕಾಫಿಯನ್ನೂ ಮುಟ್ಟದ ಪ್ರಾಮಾಣಿಕರು. ಅಂಥವರು ಬಹಳ ಕಷ್ಟ.

“ದಾನ ನಡೆಯಲಿ, ನೋಡುತ್ತೇನೆ,” ಅಂದರು.

ಮೇಳದವರು ರಾಗಿ ಹೊತ್ತು ಬೀದಿಗಿಳಿದರು. ಮೊದಲ ಮನೆ ಪುಟ್ಟಗೌರಮ್ಮನದು. ವರ್ಷಾನುಗಟ್ಟಲೆ ದೊಡ್ಡಮಾದಯ್ಯನಿಗೆ ಭಿಕ್ಷೆ ನೀಡಿದ ಮುದುಕಿ, ಎದುರಿಗೆ ಸೇರು ಚಾಚಿದ್ದು ಕಂಡು ಹೌಹಾರಿದಳು.

“ದೇವ್ರಗುಡ್ಡನ ಕೈಲಿ ನಾನ್ ಇಸ್ಕೊಳದಾ? ನಮ್ ವಂಸ ಉಳಿದದೇನಪ್ಪ? ಓಗಿ ಓಗಿ!” ಎಂದು ದಡಾರನೆ ಬಾಗಿಲು ಹಾಕಿದಳು.

ಸುದ್ದಿ ಗಾಳಿಗಿಂತ ಮುಂದೆ ಓಡಿತು. ಬೀದಿಯ ಬಾಗಿಲುಗಳೆಲ್ಲ ಅಗಳಿ ಹಾಕಿಕೊಂಡವು. ಗದ್ದೆಗೆ ಹೊರಟವರು ಮೇಳ ಕಂಡು ಕಬ್ಬಿನೊಳಗೆ ನುಗ್ಗಿದರು. “ಇಸ್ಕೊಳ್ರಪ್ಪೋ, ನಿಮ್ ದಮ್ಮಯ್ಯ ಅಂತೀವಿ!” ಎಂದು ಮೇಳದವರು ಹಿಂದೆ ಹಿಂದೆ ಓಡಿದರು.

“ದಮ್ಮಯ್ಯ ಅಂದರೆ ಬೇಡಿದ ಹಾಗಾಗುವುದಿಲ್ಲವೇ?” ಸಾಹೇಬರಿಗೆ ಅನುಮಾನ ಬಂತು.

“ಇಸ್ಕೊಳಕ್ಕಲ್ಲ ಸಾ, ಕೊಡಕ್ಕೆ ಬೇಡ್ತಿರದು,” ಅಂದ ಮಹದೇವು. ಸಾಹೇಬರು ಬಹಳ ಹೊತ್ತು ಯೋಚಿಸಿ, ಅದರ ಬಗ್ಗೆ ನಿಯಮದಲ್ಲಿ ಏನೂ ಇಲ್ಲವೆಂದು ಒಪ್ಪಿದರು.

ಹೀಗೆ ಓಡುತ್ತಿರುವಾಗಲೇ ಮಧ್ಯಾಹ್ನದ ಬಸ್ಸು ಹೊರಟೇ ಹೋಯಿತು. ಇನ್ನು ಸಂಜೆಗೇ. ಊರಿನಲ್ಲಿ ಹೋಟೆಲ್ ಇಲ್ಲ, ಸಾಹೇಬರ ಮುಖ ಬಾಡಿತ್ತು. ಮಹದೇವುವಿನ ತಲೆ ಓಡಿತು.

“ಸಾ, ಇವತ್ತು ಈ ಊರಲ್ಲಿ ಅನ್ನಕ್ಕೆ ಗತಿಯಿಲ್ದೋರು ಅಂದ್ರೆ ನೀವೊಬ್ರೇಯ.”

ಸಾಹೇಬರು ನಿಯಮ ತೆಗೆದು ನೋಡಿದರು. ಸಂಬಳ ಬರುವವನು ಬಡವನಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ವಿಧಿಯಿಲ್ಲದೆ ರಾಗಿ ಇಸಿದುಕೊಂಡರು. ದೊಡ್ಡಮಾದಯ್ಯನ ಹೆಂಡತಿ ಚಿಕ್ಕಬಸಮ್ಮ ಅದನ್ನೇ ಬೀಸಿ ಮುದ್ದೆ ಕಟ್ಟಿ, ಹುರುಳಿ ಸಾರು ಬಡಿಸಿದಳು. ಎರಡು ಮುದ್ದೆ ಉಂಡು, “ದಾನ ನಡೆಯಿತು, ನಾನೇ ಸಾಕ್ಷಿ, ನಾನೇ ಬಡವ” ಎಂದು ಬರೆದರು. ಮಹದೇವು ಕುಣಿದಾಡುವುದೊಂದು ಬಾಕಿ.

ದೊಡ್ಡಮಾದಯ್ಯ ಮಾತ್ರ ಹೊತ್ತನ್ನೇ ನೋಡುತ್ತಿದ್ದ. ಬಿಸಿಲು ತೆಂಗಿನ ಗರಿಗಳಿಂದ ಕೆಳಗಿಳಿಯಿತು. ಸಾಹೇಬರು ಬಸ್ಸು ಕಾಯುತ್ತ, ಬೀದಿ ಪೂರ್ತಿ ಕಾಣುವ ಅರಳಿಕಟ್ಟೆಯ ಮೇಲೆ ಕೂತರು, ಬಸ್ಸು ಬರಲಿಲ್ಲ. ಊರಿನ ಬಾಗಿಲುಗಳೂ ತೆರೆಯಲಿಲ್ಲ. ಅವನಿಗೆ ಹೊಟ್ಟೆ ಹಸಿದಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಜೋಳಿಗೆಗೆ ಏನೂ ಬೀಳದೆ ಹೊತ್ತು ಮುಳುಗಿದರೆ, ನಾಳೆ ಬೆಳಿಗ್ಗೆ ಹೊಸ ತಾಳ ಬಂದರೂ ಹಿಡಿಯುವ ಕೈ ತನ್ನದಲ್ಲ.

ಎದ್ದ. ಜೋಳಿಗೆ ಹೆಗಲಿಗೇರಿಸಿದ. ಸೀಳು ತಾಳ ಕೈಗೆತ್ತಿಕೊಂಡು ನೇರ ಅರಳಿಕಟ್ಟೆಯ ಮುಂದೆ ನಿಂತು, “ಉಘೇ ಮಾದಪ್ಪ!” ಎಂದು ಎತ್ತಿದ.

“ಬ್ಯಾಡ ಮಾವ, ಕೆಟ್ವಿ!” ಮಹದೇವು ಓಡಿಬಂದು ಕಾಲು ಹಿಡಿದ. ಕಾಲು ಹಿಡಿಸಿಕೊಂಡೇ ಹಾಡಿದ. ಹಾಡು ಮುಗಿಸಿ ಜೋಳಿಗೆಯ ಬಾಯಿ ಅಗಲಿಸಿದ.

“ಇದನ್ನು ನಾನು ಬರೆಯಲೇಬೇಕಾಗುತ್ತದೆ,” ಅಂದರು ಸಾಹೇಬರು, ದನಿ ತಗ್ಗಿಸಿ. “ಸಂಘ ರದ್ದಾಗುತ್ತದೆ. ತಾಳ ಬರುವುದಿಲ್ಲ.”

“ಬರ್ಕೊಳಿ ಸಾ. ಮದ್ಲು ಭಿಕ್ಷ ನೀಡಿ. ಹೊತ್ ಮುಳುಗ್ತಾ ಅದೆ.”

ಸಾಹೇಬರು ಅವನ ಮುಖ ನೋಡಿದರು. ಇವನ ಮನೆಯ ಮುದ್ದೆ ತನ್ನ ಹೊಟ್ಟೆಯಲ್ಲಿದೆ, ಇವನು ಬೆಳಗಿನಿಂದ ಉಂಡಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು. ಚೀಲದಲ್ಲಿ ಬಸ್ಸಿಗೆಂದು ತಂದ ಹುರಿಗಡಲೆಯ ಪೊಟ್ಟಣವಿತ್ತು.

“ಹಾಕುವಾಗ ಏನಾದರೂ ಹೇಳಬೇಕೇ? ನನಗೆ ಅಭ್ಯಾಸವಿಲ್ಲ.”

“ಏನೂ ಬ್ಯಾಡಿ ಸಾ. ಆಕ್ಬುಟ್ಟು ಕೈ ಮುಗೀರಿ, ಸಾಕು.”

ಹಾಕಿದರು, ಕೈ ಮುಗಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಸಂಘದ ಅಧ್ಯಕ್ಷ ದೊಡ್ಡಮಾದಯ್ಯನು ಬೇಡಿದ್ದನ್ನೂ ತಾವು ನೀಡಿದ್ದನ್ನೂ ಬರೆದು, ರದ್ದು ಮಾಡತಕ್ಕದ್ದೆಂದು ಸಹಿ ಹಾಕಿದರು. ಮಹದೇವು ಗೊಳೋ ಅಂತ ಅತ್ತ. ದೊಡ್ಡಮಾದಯ್ಯ ಹುರಿಗಡಲೆ ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲೂ ನೀರಿತ್ತು, ಆದರೆ ಎದೆ ಹಗುರವಾಗಿತ್ತು.

ಹಾಡು ಕೇಳಿ ಬೀದಿಯಲ್ಲಿ ಒಂದು ಅಗಳಿ ಸರಿಯಿತು. ಪುಟ್ಟಗೌರಮ್ಮ ಮೊರ ಎದೆಗವಚಿಕೊಂಡು ಆಚೆ ಬಂದಳು. ಮೊರದ ತುಂಬ ರಾಗಿಹಿಟ್ಟು.

“ಬೆಳಿಗ್ಗೆಯಿಂದ ಇಡ್ಕಂಡು ಬಾಗ್ಲ ಇಂದ್ಗಡೇನೇ ಕೂತಿವ್ನಿ ಕಣಪ್ಪ,” ಅಂದಳು. “ಈಗ್ ಬಂದ್ಯಾ?”